ಸ್ನಾನ ಬಿಟ್ಟ ಕೆಂಚವ್ವ, ಗೋಡೆ ಹತ್ತಿದ ಬಸಳೆ

ಒಂದೂರಂತೆ. ಯಾವೂರು ಅಂತ ಕೇಳಬೇಡಿ, ನನಗೆ ಈ ಕಥೆ ಹೇಳಿದೋಳಿಗೇ ಗೊತ್ತಿರಲಿಲ್ಲ. ಕೇಳಿದರೆ, ಇಳಿಜಾರಿರೋ ಊರು, ಸುಮ್ನೆ ಹ್ಞೂಂಗುಟ್ಟು ಅಂತಿದ್ದಳು. ಅದಕ್ಕೆ ನೀವೂ ಹ್ಞೂಂಗುಟ್ಟಿ. ಹ್ಞೂಂಗುಟ್ಟೋರಿಲ್ಲದಿದ್ದರೆ ಕಥೆ ತೂಕಡಿಸುತ್ತೆ.

ಆ ಇಳಿಜಾರಿನ ಊರಲ್ಲಿ ಒಂದು ಬೀದಿ. ಬೀದೀಲಿ ಎರಡು ಮನೆ, ಎರಡು ಮನೆ ಹಿತ್ತಲಿನ ನಡುವೆ ಒಂದು ಮೋಟು ಮಣ್ಣಿನ ಗೋಡೆ. ಮೇಲಿನ ಮನೇಲಿ ಕೆಂಚವ್ವ, ಅವಳ ಗಂಡ ಬೋರಯ್ಯ, ಹಲ್ಲುದುರಿದ ಮಾವ ಗಿರಿಯಜ್ಜ, ಮದುವೆಗೆ ಬಂದ ಮಗಳು ಬೆಳ್ಳಿ. ಕೆಳಗಿನ ಮನೇಲಿ ದ್ಯಾವಜ್ಜಿ ಒಬ್ಬಳೇ. ಹಿಂದಿಲ್ಲ ಮುಂದಿಲ್ಲ, ಮಕ್ಕಳು ಮರಿ ಅಂದರೆ ಹಿತ್ತಲ ಗಿಡಗಳೇ ಅಂತೆ.

ಅಜ್ಜಿಗೆ ಬಾವಿಯಿಂದ ನೀರು ಸೇದೋ ತ್ರಾಣ ಇರಲಿಲ್ಲ. ಇರಬೇಕಾಗೂ ಇರಲಿಲ್ಲ. ಮೇಲಿನ ಮನೆ ಬಚ್ಚಲ ನೀರು ಗೋಡೆ ಬುಡದ ತೂತಲ್ಲಿ ನುಸುಳಿ ನೇರ ಅವಳ ಹಿತ್ತಲಿಗೆ ಇಳೀತಿತ್ತು. ಅಜ್ಜಿ ಕುಡುಗೋಲು ತುದೀಲಿ ಗೀರಿ ಒಂದು ಸಣ್ಣ ಕಾಲುವೆ ಮಾಡಿದ್ದಳಂತೆ. ನೀರು ಮೊದಲು ಕೆಸುವಿನ ಮಡಿಗೆ ಹೋಗಬೇಕು, ಕೆಸ ಎಂಥ ಕೊಳೆಯಾದರೂ ಕುಡಿದು ಜೀರ್ಣ ಮಾಡಿಕೊಳ್ಳುತ್ತೆ. ಆಮೇಲೆ ಬಾಳೆ ಬುಡ, ಆಮೇಲೆ ಬಸಳೆ ಚಪ್ಪರ, ಅಲ್ಲಿಂದ ಶುಂಠಿ, ಅರಿಶಿನ, ದೊಡ್ಡಪತ್ರೆ, ಕರಿಬೇವು. ಕಟ್ಟಕಡೆಗೆ ನೀರು ತಿಳಿಯಾಗಿ ತೆಳ್ಳಗಾದ ಮೇಲೆ ಕೊತ್ತಂಬರಿಗೆ. ಬೀದಿಯಲ್ಲಿ ಯಾವ ಮಗು ಕೆಮ್ಮಿದರೂ ದೊಡ್ಡಪತ್ರೆ ಅಜ್ಜಿ ಹಿತ್ತಲಿಂದ. ಯಾರ ಒಗ್ಗರಣೆ ಚಟಗುಟ್ಟಿದರೂ ಕರಿಬೇವು ಅಜ್ಜಿ ಹಿತ್ತಲಿಂದ. ಕೇಳಿದೋರಿಗೆ ಇಲ್ಲ ಅನ್ನೋಳಲ್ಲ.

ಎಲ್ಲರಿಗಿಂತ ಜಾಸ್ತಿ ತರಿಸಿಕೊಳ್ಳುತ್ತಿದ್ದೋಳು ಕೆಂಚವ್ವನೇ. ಬೆಳ್ಳಿ ಗೋಡೆ ಮೇಲಿಂದ ಕೈ ಚಾಚಿದರೆ ಆ ಕಡೆಯಿಂದ ಒಂದು ಹಿಡಿ ಸೊಪ್ಪು ಬರೋದು. ಸಾರು ಸುರಿದುಕೊಂಡು ಉಂಡು, ಬೆರಳು ನೆಕ್ಕಿ, ಕೆಂಚವ್ವ ಗೊಣಗೋದೊಂದೇ ಮಾತು. ನೀರು ನಮ್ದು, ಸೊಪ್ಪು ಅವಳ್ದು, ಇದ್ಯಾವ ನ್ಯಾಯ? ಗಿರಿಯಜ್ಜ ಒಂದಿನ, ನೀನು ಚೆಲ್ಲಿದ್ದು, ಅವಳು ಹಿಡಿದಿದ್ದು ಕಣವ್ವ, ಅಂದ. ಆವತ್ತು ಅವನ ಮುದ್ದೆಗೆ ಸಾರು ಬೀಳಲಿಲ್ಲವಂತೆ.

ಹಿಂಗಿರುವಾಗ ಹೊಳೆಯಾಚೆಯಿಂದ ಒಂದು ಸುದ್ದಿ ಬಂತು. ಅಲ್ಲಿಯ ತಿರುಮಕ್ಕ ಅನ್ನೋ ಯಜಮಾನ್ತಿ ತನ್ನ ಮೊಮ್ಮಗನಿಗೆ ಬೆಳ್ಳಿಯನ್ನ ನೋಡೋಕೆ ಬರ್ತಾಳೆ ಅಂತ. ಆ ಹುಡುಗನ್ನ ಬೆಳ್ಳಿ ಸಂತೇಲಿ ಒಂದು ಸಲ ನೋಡಿದ್ದಳು. ಆವತ್ತಿಂದ ಯಾರಾದರೂ ಹೊಳೆಯಾಚೆ ಅಂದರೆ ಸಾಕು, ಹುಡುಗಿ ಸಾರಿಗೆ ಎರಡು ಸಲ ಉಪ್ಪು ಹಾಕೋಳು. ಕೆಂಚವ್ವ ಹಿಗ್ಗಿ ಹೀರೇಕಾಯಾದಳು. ಮಗಳು ಅಂದರೆ ಅವಳಿಗೆ ಜೀವ, ಅದನ್ನ ಮಾತ್ರ ಯಾರೂ ಇಲ್ಲ ಅನ್ನಂಗಿಲ್ಲ. ಈ ಸಂಬಂಧ ಕೂಡಬೇಕು, ಏನಾದರೂ ಆಗಲಿ ಕೂಡಲೇಬೇಕು ಅಂದುಕೊಂಡಳು.

ಆದರೆ ಆ ಸೀಮೇಲಿ ಒಂದು ಶಾಸ್ತ್ರ ಇತ್ತಂತೆ. ಹೆಣ್ಣು ನೋಡೋಕೆ ಬಂದ ಹಿರಿಹೆಂಗಸು ಮುಂಬಾಗಿಲಿಂದ ಒಳಗೆ ಬರಂಗಿಲ್ಲ. ಮೊದಲು ಹಿತ್ತಲಿಗೆ ಹೋಗಬೇಕು. ಅಲ್ಲಿ ಬೆಳೆದ ಸೊಪ್ಪು ಸದೆ ತನ್ನ ಕೈಯಾರೆ ಕಿತ್ತು ಹೆಣ್ಣಿನ ತಾಯಿ ಮಡಿಲಿಗೆ ಹಾಕಬೇಕು. ತಾಯಿ ಅದನ್ನ ಅಡುಗೆ ಮಾಡಿ ಬಡಿಸಬೇಕು. ಉಂಡ ಮೇಲೇ ಹೆಣ್ಣಿನ ಮುಖ ನೋಡೋದು, ಮಾತು ಆಡೋದು. ಹಿತ್ತಲು ಬರಿದಾಗಿದ್ದರೆ ಬಂದ ದಾರಿಗೇ ತಿರುಗಿ ಹೋಗೋದು.

ಕೆಂಚವ್ವ ಹಿಂಬಾಗಿಲು ತೆಗೆದು ತನ್ನ ಹಿತ್ತಲು ನೋಡಿದಳು. ಏನಿದೆ? ಒಂದು ಒರಳುಕಲ್ಲು, ಒಂದು ಎಮ್ಮೆ ಗೂಟ, ಗೂಟಕ್ಕೊಂದು ಎಮ್ಮೆ. ಗೋಡೆಯಾಚೆ ನೋಡಿದಳು. ಹಸಿರು ಹಸಿರು ಹಸಿರು. ಹೊಟ್ಟೆ ಒಳಗೆ ಒಣಮೆಣಸಿನಕಾಯಿ ಸುಟ್ಟಂಗಾಯಿತು.

ಮಾರನೇ ದಿನವೇ ಹಳೇ ಕಂಬಳಿ ಚೂರು ಉಂಡೆ ಕಟ್ಟಿ ಗೋಡೆ ಬುಡದ ತೂತಿಗೆ ತುರುಕಿ, ಮೇಲೆ ಹಸಿಮಣ್ಣು ಮೆತ್ತಿದಳಂತೆ. ಹಿತ್ತಲಲ್ಲಿ ಒಂದು ದೊಡ್ಡ ಗುಂಡಿ ತೋಡಿದಳು. ಅಡುಗೆಮನೇಲಿ ಸಿಕ್ಕಿದ ಬೀಜವನ್ನೆಲ್ಲ, ಕೊತ್ತಂಬರಿ, ಮೆಂತ್ಯ, ಸಾಸಿವೆ, ಜೀರಿಗೆ, ಎಲ್ಲ ಒಂದೇ ಗುಂಡಿಗೆ ಸುರಿದಳು. ಹದ ಮಾಡಲಿಲ್ಲ, ಮಡಿ ಮಾಡಲಿಲ್ಲ. ಇನ್ನು ನಮ್ಮ ನೀರು ನಮ್ಮಲ್ಲೇ ನಿಲ್ಲುತ್ತೆ, ಹೆಂಗೆ ಬೆಳೆಯಲ್ಲ ನೋಡೇ ಬಿಡ್ತೀನಿ ಅಂತ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಳು.

ನೀರು ನಿಂತಿತು. ನಿಂತೇ ನಿಂತಿತು. ಹಿತ್ತಲು ತುಂಬಿತು, ಬಚ್ಚಲು ತುಂಬಿತು, ಹೊಸಲು ದಾಟಿ ಅಡುಗೆಮನೆಗೆ ಬಂದು ಒಲೆ ಆರಿಸಿತು. ಇತ್ತ ಎಮ್ಮೆ ಗೂಟ ಕಿತ್ತುಕೊಂಡು ಬಂದು, ನನಗೇ ಮಾಡಿಸಿದ್ದು ಅನ್ನೋ ಹಂಗೆ ಆ ಗುಂಡೀಲಿ ಮಲಗಿಬಿಟ್ಟಿತು. ಕೊತ್ತಂಬರಿ, ಮೆಂತ್ಯ, ಸಾಸಿವೆ, ಜೀರಿಗೆ ಎಲ್ಲ ಎಮ್ಮೆ ಹೊಟ್ಟೆ ಅಡಿಗೆ. ಬೋರಯ್ಯ ಹೋಗಿ ಕಂಬಳಿ ಉಂಡೆ ಕಿತ್ತು ಬಿಸಾಡಿದ. ನಿಂತ ನೀರೆಲ್ಲ ಸುಯ್ಯನೆ ದ್ಯಾವಜ್ಜಿ ಹಿತ್ತಲಿಗೆ ಇಳೀತು. ಬಸಳೆ ಅವತ್ತೇ ಒಂದು ಗೇಣು ಬೆಳೀತಂತೆ.

ಕೆಂಚವ್ವ ಕೂತು ಯೋಚನೆ ಮಾಡಿದಳು. ಇನ್ನು ತನ್ನ ಹಿತ್ತಲಲ್ಲಿ ಏನೂ ಬೆಳೆಯಲ್ಲ, ಅದು ಖಾತ್ರಿ. ಆದರೆ ತಿರುಮಕ್ಕ ಬಂದು ಗೋಡೆಯಾಚೆ ಇಣುಕಿದರೆ? ಅಲ್ಲಿ ಹಸಿರು, ಇಲ್ಲಿ ಬೋಳು, ಮಾನ ಹೋಗುತ್ತೆ. ಅದೇ ಆ ಕಡೆಯೂ ಬೋಳಾಗಿದ್ದರೆ? ಏನು ಮಾಡೋದು ತಾಯಿ, ಈ ಬೀದಿ ಮಣ್ಣೇ ಇಷ್ಟು ಅನ್ನಬಹುದು. ಎರಡೂ ಬೋಳಾದರೆ ಯಾರೂ ಬೋಳಲ್ಲ. ಬೇಸಿಗೆ ಬೇರೆ. ಬಚ್ಚಲ ನೀರೊಂದು ನಿಂತರೆ ಮುದುಕಿ ಗಿಡಗಳು ತಾವಾಗೇ ಒಣಗ್ತವೆ. ಮುಸುರೆ ನೀರು ಹೆಂಗೂ ಎಮ್ಮೆಗೆ. ಇನ್ನು ಉಳಿದದ್ದು ಸ್ನಾನ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮೂರು ಜನಕ್ಕೂ ಹೇಳಿದಳು. ಊರಮ್ಮ ಕನಸಿಗೆ ಬಂದಿದ್ದಳಂತೆ, ಬೆಳ್ಳಿಗೆ ಗಂಡಿನ ಕಡೆಯೋರು ಒಪ್ಪೋ ತನಕ ಈ ಮನೇಲಿ ಯಾರೂ ಮೈಮೇಲೆ ನೀರು ಹಾಕಬಾರದು ಅಂದಳಂತೆ. ಹರಕೆ. ಮುರಿದರೆ ಸಂಬಂಧ ಮುರೀತು ಅಂತ ಲೆಕ್ಕ. ಬೋರಯ್ಯನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳೀತು. ದಿನಾ ಹಂಡೆಗಟ್ಟಲೆ ಬಿಸಿನೀರು ಸುರಿದುಕೊಳ್ಳೋ ಮನುಷ್ಯ ಅವನು. ಆದರೆ ಮಗಳ ಮದುವೆ ವಿಚಾರ, ದೇವರ ವಿಚಾರ. ಯಾರು ಬಾಯಿ ಬಿಡ್ತಾರೆ?

ಹಂಡೆ ಬೋರಲು ಬಿತ್ತು. ಬಚ್ಚಲು ಒಣಗಿತು. ಗೋಡೆ ತೂತಲ್ಲಿ ಒಂದು ಹಲ್ಲಿ ಬಂದು ಸಂಸಾರ ಹೂಡಿತು.

ಮೊದಲು ಕೆಂಚವ್ವನಿಗೆ ಏನೂ ಅನ್ನಿಸಲಿಲ್ಲ. ಆಮೇಲೆ ಬೆನ್ನು ಕೆರೆಯೋಕೆ ಶುರುವಾಯಿತು. ಆಮೇಲೆ ಕೈಗೆ ಎಟುಕದ ಜಾಗವೇ ಕೆರೆಯೋಕೆ ಶುರುವಾಯಿತು, ಕಂಬಕ್ಕೆ ಬೆನ್ನು ಉಜ್ಜೋಳು, ಎಮ್ಮೆ ಅವಳನ್ನ ನೋಡಿ ಪಕ್ಕಕ್ಕೆ ಸರಿದು ಜಾಗ ಬಿಡೋದು. ಹರಕೆ ಸುದ್ದಿ ಊರಿಗೆಲ್ಲ ಹಬ್ಬಿತ್ತು. ಬಾವಿ ಕಟ್ಟೇಲಿ ಹೆಂಗಸರು, ನಿನ್ನಂಥ ಭಕ್ತಿ ಯಾರಿಗಿದೆ ಕೆಂಚವ್ವ ಅಂತ ಹೊಗಳೋರು, ಹೊಗಳುತ್ತಾ ಹೊಗಳುತ್ತಾ ಗಾಳಿ ಬರೋ ಕಡೆಗೆ ಹೋಗಿ ನಿಲ್ಲೋರು. ಸುಳ್ಳು ಅವಳದೇ, ಆದರೂ ಬಿಡಂಗಿಲ್ಲ. ಕದ್ದು ಒಂದು ಚೊಂಬು ಸುರಿದುಕೊಂಡರೂ ಅದು ಮುದುಕಿ ಕೆಸುವಿಗೇ ಹೋಗುತ್ತಲ್ಲ ಅನ್ನೋ ಸಂಕಟ ಬೇರೆ.

ಅವಳಿಗೆ ಅರ್ಥವಾಗದ್ದು ಎರಡೇ ಎರಡು ವಿಷಯ. ಒಂದು, ಮನೇಲಿ ಬೇರೆ ಯಾರೂ ಕೆರೆದುಕೊಳ್ಳುತ್ತಿರಲಿಲ್ಲ. ಗಂಡನ ಮೈಮೇಲೆ ಧೂಳು ಇತ್ತು, ಕಿವಿ ಹಿಂದೆ ಮಾತ್ರ ಬೆಳ್ಳಗಿತ್ತು. ಮಾವನ ಹಣೆ ತುಂಬ ಬೂದಿ, ಬೋಳುತಲೆ ಮಾತ್ರ ಫಳಫಳ. ಮಗಳ ಕೂದಲು ಕೆದರಿತ್ತು, ಹತ್ತಿರ ಹೋದರೆ ಸೀಗೇಕಾಯಿ ಘಮ. ಇದೇನೇ ಅಂದರೆ, ಊರಮ್ಮನ ದಯೆ ಅಂತ ತಲೆ ತಗ್ಗಿಸಿದಳಂತೆ ಹುಡುಗಿ. ತಾನು ಹುಟ್ಟಿಸಿದ ಹರಕೆಗೆ ಊರಮ್ಮ ಯಾಕೆ ದಯೆ ತೋರಿಸ್ತಾಳೆ ಅಂತ ಕೆಂಚವ್ವ ಯಾರನ್ನ ಕೇಳಬೇಕು?

ಎರಡನೇದು ಇನ್ನೂ ಘೋರ. ದ್ಯಾವಜ್ಜಿ ಹಿತ್ತಲು ಒಣಗಲಿಲ್ಲ. ಒಣಗೋದಿರಲಿ, ಬಸಳೆ ಚಪ್ಪರ ತುಂಬಿ, ಜಾಗ ಸಾಲದೆ, ಗೋಡೆ ಹತ್ತಿ ಈ ಕಡೆಗೆ ಇಣುಕಿತು. ನನ್ನ ಮನೆಗೇ ಬಂದು ಅಣಕಿಸುತ್ತೀಯಾ ಅಂತ ಕೆಂಚವ್ವ ಅದರ ಕುಡಿ ಚಿವುಟಿ ಎಸೆದಳು. ಬಸಳೆ ಜಾತಿ ನಿಮಗೆ ಗೊತ್ತಲ್ಲ, ಒಂದು ಕುಡಿ ಚಿವುಟಿದರೆ ಪಕ್ಕದಲ್ಲಿ ಎರಡು ಒಡೆಯುತ್ತೆ. ಅವಳು ಬೈದು ಬೈದು ಚಿವುಟಿದಳು, ಅದು ಕವಲೊಡೆದು ಕವಲೊಡೆದು ಬಂತು. ಕೊನೆಗೆ ಗೋಡೆಯ ಈ ಮೈಯೆಲ್ಲ ದಪ್ಪ ದಪ್ಪ ಎಲೆ. ಮುದುಕಿಗೆ ಯಾವುದೋ ಮಂತ್ರ ಗೊತ್ತು ಅಂತ ಕೆಂಚವ್ವ ತೀರ್ಮಾನ ಮಾಡಿದಳು. ಬಚ್ಚಲ ತೂತಿಗೆ ಕೈ ಹಾಕಿ ನೋಡಿದಳು, ಒಣಗಿ ಬಣಬಣ. ಹಲ್ಲಿ ಲೊಚಗುಟ್ಟಿತು.

ತಿರುಮಕ್ಕ ಬರೋ ದಿನ ಬಂತು. ಬೆಳ್ಳಿ ಬೆಳಗ್ಗೆಯಿಂದ ನೀರೂ ಕುಡಿದಿರಲಿಲ್ಲ. ತಡಿ ಮಗಳೇ ಅಂತ ಕೆಂಚವ್ವ ಆಚೆ ಬೀದಿಗೆ ಓಡಿದಳು. ಇವರ ಮನೇಲಿ ಕರಿಬೇವಿನ ಕೊಂಬೆ, ಅವರ ಮನೇಲಿ ದೊಡ್ಡಪತ್ರೆ ಕಡ್ಡಿ, ಇನ್ನೊಬ್ಬರ ಹತ್ತಿರ ಕಟ್ಟು ಕೊತ್ತಂಬರಿ, ಮತ್ತೊಬ್ಬರ ಹತ್ತಿರ ಹರಿವೆ ದಂಟು. ತಂದು ಹಿತ್ತಲ ಮಣ್ಣಲ್ಲಿ ಸಾಲಾಗಿ ಚುಚ್ಚಿದಳು. ನೋಡಿದರೆ ನೋಡಂಗೇ ಇತ್ತು. ತಿರುಮಕ್ಕ ಬೆಳಗಿನ ತಂಪಲ್ಲಿ ಬಂದಿದ್ದರೆ ಕಥೆ ಬೇರೆಯೇ ಆಗುತ್ತಿತ್ತೋ ಏನೋ.

ಆದರೆ ಗಾಡಿ ಎತ್ತು ಹೊಳೇಲಿ ನೀರು ಕಂಡು ಕಾಲು ಕೀಳಲಿಲ್ಲ. ತಿರುಮಕ್ಕ ಬಂದಾಗ ಸೂರ್ಯ ನೆತ್ತಿ ಮೇಲೆ. ಮಾತು ಕಡಿಮೆ, ಮೂಗು ದೊಡ್ಡದು ಆ ಯಜಮಾನ್ತಿಗೆ. ಗಾಡಿ ಇಳಿದೋಳೇ ಒಂದು ಸಲ ಮೂಗು ಅರಳಿಸಿದಳು, ಕೆಂಚವ್ವನಿಂದ ಎರಡು ಮಾರು ದೂರ ನಿಂತಳು, ಹಿತ್ತಲು ಯಾವ ಕಡೆ ಅಂದಳು.

ಹಿತ್ತಲಲ್ಲಿ ಎಲ್ಲವೂ ತಲೆ ಬಗ್ಗಿಸಿ ನಿಂತಿದ್ದವು. ತಿರುಮಕ್ಕ ಕರಿಬೇವಿನ ಹತ್ತಿರ ಹೋಗಿ ಒಂದು ಎಸಳು ಎಳೆದಳು. ಗಿಡಕ್ಕೆ ಗಿಡವೇ ಕೈಗೆ ಬಂತು. ಅದನ್ನ ಒಂದು ಸಲ ತಲೆಕೆಳಗು ಮಾಡಿ ಬುಡ ನೋಡಿದಳು. ಒರಳುಕಲ್ಲಿನ ಮೇಲೆ ಮಲಗಿಸಿದಳು. ದೊಡ್ಡಪತ್ರೆ ಮುಟ್ಟಿದಳು, ಅದೂ ಬಂತು. ಅದನ್ನೂ ಮಲಗಿಸಿದಳು. ಹರಿವೆ, ಕೊತ್ತಂಬರಿ, ಒಂದೊಂದೇ ಕಿತ್ತು ಒಂದೊಂದೇ ಮಲಗಿಸಿದಳು. ಬೋರಯ್ಯ ಆಕಾಶ ನೋಡಿದ. ಗಿರಿಯಜ್ಜ ಎಮ್ಮೆ ನೋಡಿದ. ಬಾಗಿಲ ಸಂದಿಯಲ್ಲಿದ್ದ ಬೆಳ್ಳಿ ಕಣ್ಣಲ್ಲಿ ನೀರು ತುಂಬಿತು. ಅದನ್ನ ಕೆಂಚವ್ವ ನೋಡಿಬಿಟ್ಟಳು.

ತಿರುಮಕ್ಕ ಸೆರಗು ಕೊಡವಿ ಹೊರಡಬೇಕು ಅಂತ ತಿರುಗಿದಾಗ ಗೋಡೆ ಕಂಡಿತು. ಗೋಡೆ ತುಂಬ ಬಸಳೆ. ಹೋಗಿ ಒಂದು ಎಲೆ ಮುರಿದಳು, ಚಟ್ ಅಂತು. ಬಳ್ಳಿ ಎಳೆದಳು, ಬರಲಿಲ್ಲ. ಅವಳ ಮುಖ ಮೊದಲ ಸಲ ಸ್ವಲ್ಪ ಸಡಿಲವಾಯಿತು.

"ಇದು ಯಾರ್ದು?" ಅಂದಳು.

ನಮ್ಮದೇ ಅನ್ನೋ ಮಾತು ಕೆಂಚವ್ವನ ನಾಲಿಗೆ ತುದಿಗೆ ಬಂದಿತ್ತು. ಅಂದಿದ್ದರೆ ಮುಗೀತಿತ್ತು. ಅಷ್ಟರಲ್ಲಿ ಗೋಡೆಯಾಚೆಯಿಂದ ಒಂದು ನಡುಗೋ ದನಿ ಕೇಳಿಸಿತು. ದ್ಯಾವಜ್ಜಿ ಅಲ್ಲೇ ಕಳೆ ಕೀಳುತ್ತಾ ಕೂತಿದ್ದಳಂತೆ.

"ಅದು ಅವರ್ದೇ ಕಣ್ ತಾಯಿ. ಕೆಂಚವ್ವ ಹಾಕಿದ್ ಬಳ್ಳಿ, ನಮ್ ಕಡೀಕೂ ಇಳಿದೈತೆ. ಸಾರಿಗೆ ಬಲು ಚಂದ, ಕಿತ್ಕೊಳ್ಳಿ."

ಕೆಂಚವ್ವನಿಗೆ ಎದೆಯೊಳಗೆ ಏನೋ ಕಿತ್ತು ಬಂದಂಗಾಯಿತು. ಯಾವ ಮುದುಕಿ ಗಿಡ ಒಣಗಲಿ ಅಂತ ತಾನು ಮೈ ಕೆರೆದುಕೊಂಡು ಕೂತಿದ್ದಳೋ, ಅದೇ ಮುದುಕಿ ಬೇರು ಸಮೇತ ಬಳ್ಳಿಯನ್ನ ತನಗೆ ಕೊಟ್ಟುಬಿಟ್ಟಳು, ಕೇಳದೇ, ಅಂದುಕೊಂಡಳು. ನಾಚಿಕೆಯಾಯಿತು. ಬೆವರಿಗಿಂತ ಅದೇ ಜಾಸ್ತಿ ಉರೀತು. ಒರಳುಕಲ್ಲಿನ ಪಕ್ಕ ಕುಕ್ಕರಿಸಿ ಕೂತು ಅತ್ತುಬಿಟ್ಟಳಂತೆ.

"ಸುಳ್ಳು ಕಣವ್ವ. ಬೇರು ಅವಳ್ದು. ಅದನ್ನ ಒಣಗಿಸಬೇಕು ಅಂತ್ಲೇ ನಾನು ಮನೆಯೋರ ಸ್ನಾನ ನಿಲ್ಸಿದ್ದು. ಹರಕೆನೂ ಇಲ್ಲ, ಕನಸೂ ಇಲ್ಲ. ನನ್ನ ತಪ್ಪಿಗೆ ನನ್ನ ಮಗಳನ್ನ ಬಿಟ್ಟು ಹೋಗ್ಬ್ಯಾಡಿ."

ಎಮ್ಮೆ ಮೆಲುಕು ನಿಲ್ಲಿಸಿತು. ಮೊದಲು ಬಾಯಿ ಬಿಟ್ಟೋನು ಬೋರಯ್ಯ.

"ಹರಕೆ ಇಲ್ವಾ?" ಅಂದ. "ಹಂಗಾದ್ರೆ ನಾನು ದಿನಾ ಧೂಳಲ್ಲಿ ಹೊರಳಾಡಿದ್ದು ದಂಡವಾ?"

ಯಾವ ಧೂಳು ಅಂತ ಕೆಂಚವ್ವ ಅಳು ನಿಲ್ಲಿಸಿ ಕೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಹಂಗೆ, ಅವನು ಕಿವಿ ಹಿಂದೆ ಕೈ ಹಾಕಿಕೊಂಡ. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಕೆಂಚವ್ವ ಹಾಲು ಕರೆಯೋ ಹೊತ್ತಲ್ಲಿ ಅವನು ದ್ಯಾವಜ್ಜಿ ಮನೆಗೆ ಹೋಗಿ, ತಾನೇ ನೀರು ಸೇದಿ, ತಾನೇ ಕಾಯಿಸಿ, ಹಂಡೆ ಖಾಲಿ ಮಾಡಿ, ಬೀದಿ ಧೂಳು ಮೈಗೆ ಮೆತ್ತಿಕೊಂಡು ಬರ್ತಿದ್ದನಂತೆ. ಹರಕೆ ಮುರಿದ ಪಾಪ ತಟ್ಟುತ್ತೇನೋ ಅಂತ ಅಳುಕು ಬೇರೆ. ಗಿರಿಯಜ್ಜ ಕೆಮ್ಮಿ, ನಾನು ಮಧ್ಯಾಹ್ನ ಹೋಗ್ತಿದ್ದೆ ಅಂದ, ಬರೋವಾಗ ಅಜ್ಜಿ ಒಲೆ ಬೂದಿ ಬಳಿದುಕೊಳ್ಳುತ್ತಿದ್ದನಂತೆ. ಬಾಗಿಲ ಸಂದಿಯಿಂದ ಬೆಳ್ಳಿ, ನಾನು ಸಂಜೆ ಅಂದಳು. ಮೂರು ಜನಕ್ಕೂ ಒಬ್ಬರದು ಒಬ್ಬರಿಗೆ ಗೊತ್ತಿರಲಿಲ್ಲ. ಮೂವರಿಗೂ ದ್ಯಾವಜ್ಜಿ, ನಾನ್ಯಾಕೆ ಹೇಳಲಿ ಬಿಡು ಅಂತ ಮಾತು ಕೊಟ್ಟಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂಗೆ ಇಡೀ ಮನೆ ಸ್ನಾನ ಮಾಡಿತ್ತು. ಅಜ್ಜಿಗೆ ಬಾವಿಗೆ ಹೋಗೋ ಕೆಲಸವೇ ಇರಲಿಲ್ಲ. ಮೊದಲು ಅರ್ಧ ನೀರು ದಾರೀಲಿ ಇಂಗುತ್ತಿತ್ತು, ಈಗ ಅವಳ ಬಚ್ಚಲಿಂದಲೇ ಪೂರಾ ನೀರು ಬಸಳೆ ಬುಡಕ್ಕೆ.

ಊರಲ್ಲಿ ನಿಜಕ್ಕೂ ಹರಕೆ ನಡೆಸಿದೋಳು ಒಬ್ಬಳೇ. ಅದನ್ನ ಹುಟ್ಟಿಸಿದೋಳು.

ತಿರುಮಕ್ಕನ ದೊಡ್ಡ ಮೂಗು ಮೊದಲು ಅಲುಗಾಡಿತು. ಆಮೇಲೆ ಹೊಟ್ಟೆ ಅಲುಗಾಡಿತು. ಒರಳುಕಲ್ಲಿನ ಮೇಲಿದ್ದ ಗಿಡಗಳನ್ನ ಪಕ್ಕಕ್ಕೆ ತಳ್ಳಿ ಅಲ್ಲೇ ಕೂತು, ಕಣ್ಣಲ್ಲಿ ನೀರು ಬರೋ ತನಕ ನಕ್ಕಳಂತೆ. ಬುಡವಿಲ್ಲದ ಕರಿಬೇವು ನೋಡಿದಾಗಲೇ ನಾನು ಹೊರಟಿದ್ದೆ, ಇಷ್ಟು ಬೇರಿಲ್ಲದ ಮನೆಗೆ ನಂಟಸ್ತನ ಯಾಕೆ ಅಂತ, ಅಂದಳು. ಆಮೇಲೆ ಬಸಳೆ ಎಲೆ ತಿರುಗಿಸಿ ತಿರುಗಿಸಿ ನೋಡಿ, ಬೆಳ್ಳಿ ನಿಂತ ಬಾಗಿಲ ಕಡೆ ಕಣ್ಣು ಹಾಯಿಸಿದಳು.

"ಬೇರು ಒಂದು ಮನೇಲಿ, ಬಳ್ಳಿ ಇನ್ನೊಂದು ಮನೇಲಿ," ಅಂದಳು. "ನಾನು ಕೇಳೋಕೆ ಬಂದಿರೋದೂ ಅಂಥದ್ದನ್ನೇ ಅಲ್ವಾ, ಕೆಂಚವ್ವ?"

ಕೆಂಚವ್ವನಿಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡೀತು. ಬೆಳ್ಳಿಗೆ ಹಿಡೀಲಿಲ್ಲ, ಅವಳು ಆಗಲೇ ಒಳಗೆ ಓಡಿದ್ದಳು. ತಿರುಮಕ್ಕ ಬಸಳೆ ಕುಡಿ ಒಂದು ಮಡಿಲು ಮುರಿದು, ತಾಯಿ ಮಡಿಲಿಗೆ ಹಾಕೋಕೆ ಅಂತ ಎರಡು ಹೆಜ್ಜೆ ಮುಂದೆ ಬಂದು, ಗಕ್ಕನೆ ನಿಂತು, ಮೂಗಿಗೆ ಸೆರಗು ಹಿಡಿದಳು. ಸಾರು ನೀನೇ ಮಾಡಬೇಕು, ಶಾಸ್ತ್ರ ಬಿಡೋಕಾಗಲ್ಲ, ಆದರೆ ಮೊದಲು ಹೋಗಿ ಮಿಂದು ಬಾ ತಾಯಿ, ಹಸಿವು ತಡೀತೀನಿ, ಇದು ತಡೆಯೋಕಾಗ್ತಿಲ್ಲ, ಅಂದಳಂತೆ.

ಹಂಡೆ ಮತ್ತೆ ಒಲೆ ಹತ್ತಿತು. ಬೋರಯ್ಯ ನೀರು ಸೇದಿದ. ದ್ಯಾವಜ್ಜಿ ಗೋಡೆ ಸುತ್ತಿ ಬಂದು, ಸೀಗೇಪುಡಿ ಹಿಡಿದು ಕೆಂಚವ್ವನ ಬೆನ್ನು ಉಜ್ಜಿದಳು. ಕೈಗೆ ಎಟುಕದ ಆ ಜಾಗ ಇತ್ತಲ್ಲ, ಅಲ್ಲಿಗೆ ಅಜ್ಜಿ ಕೈ ಹೋದಾಗ ಕೆಂಚವ್ವ, ಅಯ್ಯೋ ನನ್ನವ್ವ ಅಂದಳಂತೆ. ಅದೇ ಅವಳು ಅಜ್ಜಿಗೆ ಆಡಿದ ಮೊದಲ ಒಳ್ಳೇ ಮಾತು. ಆಮೇಲೆ ನೀರು ಹರೀತು. ಗೋಡೆ ತೂತಲ್ಲಿದ್ದ ಹಲ್ಲಿ ಬಾಲ ಬಿಟ್ಟು ಓಡಿಹೋಯಿತು. ಗಿರಿಯಜ್ಜ ಆ ಕಡೆ ನಿಂತು ಕಾಲುವೆ ಕಾಯುತ್ತಿದ್ದ, ಕಪ್ಪಗೆ ಇಳಿದ ನೀರು ನೋಡಿ, ಕೆಸುವಿನ ಗಿಡದ ಕ್ಷಮೆ ಕೇಳಿದನಂತೆ.

ಅವತ್ತಿನ ಬಸಳೆ ಸಾರನ್ನ ತಿರುಮಕ್ಕ ಮೂರು ಸಲ ಹಾಕಿಸಿಕೊಂಡಳು. ಬಡಿಸಿದೋಳು ಕೆಂಚವ್ವ, ಒಲೆ ಹತ್ತಿರ ಕೈ ಜೋಡಿಸಿದೋಳು ಬೆಳ್ಳಿ. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು, ಯಾಕೆ ಅಂತ ಯಾರೂ ಕೇಳಲಿಲ್ಲ. ಮದುವೆಯಾಗಿ ಹುಡುಗಿ ಹೊಳೆ ದಾಟುವಾಗ ಮಡಿಲಲ್ಲಿ ಒಂದು ಬಸಳೆ ಕಡ್ಡಿ ಒಯ್ದಳು, ಅತ್ತೆಮನೆ ಬಚ್ಚಲ ಹಿಂದೆ ನೆಟ್ಟಳು. ಇತ್ತ ಕೆಂಚವ್ವ ಗೋಡೆಯನ್ನ ಕುಡಿ ಚಿವುಟೋಕೆ ಮಾತ್ರ ಮುಟ್ಟುತ್ತಿದ್ದಳು, ಸಾರಿಗೆ. ಮುಸುರೆ ನೀರಲ್ಲಿ ಎಮ್ಮೆ ಕುಡಿದು ಬಿಟ್ಟಿದ್ದನ್ನ ಒರಳುಕಲ್ಲಿನ ಪಕ್ಕ ಹಾಕಿ, ಅಜ್ಜಿ ಕೊಟ್ಟ ಒಂದು ಕರಿಬೇವಿನ ಸಸಿ ಬೆಳೆಸಿದಳು. ಅದಕ್ಕೆ ಬೇರು ಬಂದಿದೆಯೋ ಇಲ್ಲವೋ ಅಂತ ದಿನಾ ಒಂದು ಸಲ ಮೆಲ್ಲಗೆ ಎಳೆದು ನೋಡೋಳು. ಹಂಗೆ ಎಳೀಬ್ಯಾಡ ಕಣೇ ಅಂತ ಗೋಡೆಯಾಚೆಯಿಂದ ಅಜ್ಜಿ ದಿನಾ ಬೈಯೋಳು.

ಅವರು ಅಲ್ಲಿ ಮಿಂದು ಉಂಡು ನೆಮ್ಮದಿಯಾಗಿದ್ದಾರೆ. ನನ್ನ ಕಥೆ ಬಚ್ಚಲ ತೂತು ದಾಟಿ ನಿಮ್ಮ ಹಿತ್ತಲಿಗೆ ಇಳೀತು, ಇನ್ನು ನೀರು ನಿಮ್ಮದು.